ಜೀನ್ಸು ಹಾಕಿದವರೆಲ್ಲ ಜೀನು ಏರುವರೇ?

ಪೀಣ್ಯ ಎರಡನೇ ಹಂತದಿಂದ ಒಂದು ಕಾಗದ ಬಂದಿದೆ. ಬರೆದವರು ಲೇತ್ ಮೆಷಿನ್ ಮೇಲೆ ಕೆಲಸ ಮಾಡುವ ತರುಣ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕೋದಿಲ್ಲ. ಐದು ಜನ ಗೆಳೆಯರು ಸೇರಿ ಭಾನುವಾರ ಬಾಡಿಗೆ ಕುದುರೆ ಹತ್ತಿ, ಥೇಟ್ ಕೌಬಾಯ್ ಥರ ಡ್ರೆಸ್ ಮಾಡಿಕೊಂಡು, ರಾಮನಗರದ ಬಂಡೆಗಳ ನಡುವೆ ಓಡಿಸಿ ರೀಲ್ಸ್ ಮಾಡಬೇಕಂತೆ. ತಲಾ ಮೂರು ಸಾವಿರ ಎತ್ತಿಟ್ಟಿದ್ದಾರೆ. ಮೊದಲು ಟೋಪಿ, ಆಮೇಲೆ ವೇಸ್ಟ್‌ಕೋಟು, ಆಮೇಲೆ ಅಂಗೈ ಅಗಲದ ಬಕಲ್ ಇರೋ ಬೆಲ್ಟು. ಜೀನ್ಸು ಇದ್ದೇ ಇದೆ. ಎಲ್ಲಾ ಪಟ್ಟಿ ಮಾಡಿ ಕೊನೆಯಲ್ಲಿ ಒಂದು ಸಾಲು: ಕಾಲಿಗೆ ಇರೋ ಸ್ಪೋರ್ಟ್ಸ್ ಶೂಸೇ ಸಾಕಲ್ವಾ ಸಾರ್?

ಸಾಲದು ತಮ್ಮಾ, ಸಾಲದು! ಈ ವಾರದ ಪುಟ ಪೂರ್ತಿ ಆ ಕೊನೆಯ ಸಾಲಿಗೇ ಮೀಸಲು. ಯಾಕೆಂದರೆ ಆ ಪಟ್ಟಿ ತಲೆಕೆಳಗಾಗಿದೆ. ಸಿನಿಮಾ ನಮಗೆ ಕಲಿಸಿದ್ದೇ ಹಾಗೆ. ತೆರೆಯ ಮೇಲೆ ಮೊದಲು ಟೋಪಿ ಕಾಣುತ್ತೆ, ಆಮೇಲೆ ಮುಖ, ಆಮೇಲೆ ಸೊಂಟದ ಪಿಸ್ತೂಲು. ಬೂಟು ಕಾಣುವುದು ಖಳನಾಯಕ ಬಾಗಿಲು ಒದೆಯುವಾಗ ಮಾತ್ರ. ನಿಜವಾದ ಸವಾರನ ಲೆಕ್ಕ ಕಾಲಿನಿಂದ ಶುರುವಾಗಿ ಮೇಲಕ್ಕೆ ಹೋಗುತ್ತೆ.

ಅದಕ್ಕೆ ಮುಂಚೆ ಈ ಕೌಬಾಯ್ ಅಂದರೆ ಯಾರಪ್ಪ ಅನ್ನೋದನ್ನ ಕೇಳಿಬಿಡೋಣ. ಅಚ್ಚ ಕನ್ನಡದಲ್ಲಿ ಹೇಳಿದರೆ ದನ ಕಾಯೋನು. ನಮ್ಮಲ್ಲಿ ಓದದ ಹುಡುಗನಿಗೆ ಮೇಷ್ಟ್ರು ಬೈಯುವ ಬೈಗುಳ ಅದು! (ಯೋಗರಾಜ ಭಟ್ಟರು 2016ರಲ್ಲಿ ಅದನ್ನೇ ಚಿತ್ರದ ಹೆಸರು ಮಾಡಿದರು, ಅದು ಬೇರೆ ಮಾತು.) ಅಮೆರಿಕದ ಆ ದನಗಾಹಿ ವಿದ್ಯೆ ಕಲಿತದ್ದು ಮೆಕ್ಸಿಕೋದ ದನಗಾಹಿಗಳಿಂದ. ಜೀನು, ಹಗ್ಗ, ಮುಳ್ಳಿಗೆ ತಡೆಯೊಡ್ಡುವ ತೊಗಲ ಕಾಲುಚೀಲ, ಎಲ್ಲಾ ಅವರಿಂದ ಬಂದದ್ದು. ಸಾವಿರಾರು ದನಗಳನ್ನು ವಾರಗಟ್ಟಲೆ ಹೊಡೆದುಕೊಂಡು ಹೋಗಬೇಕು. ಬಿಸಿಲು, ಧೂಳು, ಮುಳ್ಳು, ಮಳೆ. ನಮ್ಮ ಚಳ್ಳಕೆರೆ ಕಡೆಯ ಕುರಿಗಾಹಿಗೆ ಹೆಗಲ ಮೇಲೆ ಕಂಬಳಿ ಯಾಕೆ ಬೇಕು ಹೇಳಿ? ಮಳೆಗೆ ಕೊಪ್ಪೆ, ರಾತ್ರಿಗೆ ಹಾಸಿಗೆ, ಚಳಿಗೆ ಹೊದಿಕೆ. ಸ್ಟೈಲಿಗೆ ಯಾರೂ ಕಂಬಳಿ ಹೊರೋದಿಲ್ಲ. ಕ್ಲಿಂಟ್ ಈಸ್ಟ್‌ವುಡ್ 1964ರ 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್' ಚಿತ್ರದಲ್ಲಿ ಹೆಗಲಿಗೆ ಹಾಕಿಕೊಂಡ ಆ ಪೊಂಚೋ ಏನು ಅಂತೀರಿ? ನಡುವೆ ತೂತು ಮಾಡಿದ ಕಂಬಳಿ ಸ್ವಾಮಿ, ಕಂಬಳಿ!

ಹೀಗೆ ಕೆಲಸಕ್ಕೆ ಹುಟ್ಟಿದ ಉಡುಪನ್ನು ಸಿನಿಮಾ ಎತ್ತಿಕೊಂಡು ಹೋಯಿತು. ಕೆಲಸ ಅಲ್ಲೇ ಬಿತ್ತು, ಠೀವಿ ಉಳಿಯಿತು. ನಮ್ಮ ದಕ್ಷಿಣಕ್ಕೂ ಆ ಗಾಳಿ ಬೀಸಿತು. 1971ರಲ್ಲಿ ತೆಲುಗಿನ ಕೃಷ್ಣ ಅವರ 'ಮೋಸಗಾಳ್ಳಕು ಮೋಸಗಾಡು' ಬಂತು. ಅದರ ನಿರ್ದೇಶಕ ಕೆ.ಎಸ್.ಆರ್. ದಾಸ್ ಆಮೇಲೆ ನಮ್ಮ ವಿಷ್ಣುವರ್ಧನ್ ಅವರಿಗೆ 'ಸಹೋದರರ ಸವಾಲ್' (1977), 'ಕಿಲಾಡಿ ಕಿಟ್ಟು' (1978) ಮಾಡಿಕೊಟ್ಟವರು. ಕನ್ನಡದಲ್ಲಿ 1973ರಲ್ಲಿ ದ್ವಾರಕೀಶ್ 'ಕೌಬಾಯ್ ಕುಳ್ಳ' ಆದರು. ಹಿಂದಿನ ವರ್ಷ 'ಕುಳ್ಳ ಏಜೆಂಟ್ 000' ಆಗಿದ್ದವರು ಮಾರನೇ ವರ್ಷ ದನಗಾಹಿಯ ವೇಷ ಹಾಕಿದರು! 2024ರ ಏಪ್ರಿಲ್‌ನಲ್ಲಿ ನಮ್ಮನ್ನಗಲಿದ ಆ ಕುಳ್ಳನ ಧೈರ್ಯವೇ ಧೈರ್ಯ. ಆರಡಿ ಆಳಿಗೆ ಅಂತ ಹುಟ್ಟಿದ ವೇಷವನ್ನು ತನ್ನ ಅಳತೆಗೆ ಬಗ್ಗಿಸಿಕೊಂಡ ಕಲಾವಿದ ಆತ.

ಇನ್ನು 'ಶೋಲೆ' ಬಿಟ್ಟು ಈ ಮಾತು ಆಡೋದಾದರೂ ಹೇಗೆ? 1973ರ ಅಕ್ಟೋಬರ್‌ನಲ್ಲಿ ರಾಮನಗರದ ರಾಮದೇವರ ಬೆಟ್ಟದ ಬುಡದಲ್ಲಿ ರಮೇಶ್ ಸಿಪ್ಪಿ ಚಿತ್ರೀಕರಣ ಶುರು ಮಾಡಿದರು. 1975ರ ಆಗಸ್ಟ್ 15ಕ್ಕೆ ಚಿತ್ರ ತೆರೆ ಕಂಡಿತು. ರೇಷ್ಮೆ ಗೂಡಿನ ಊರು ಗಬ್ಬರ್‌ಸಿಂಗನ ಊರಾಯಿತು. ಗಬ್ಬರ್‌ನ ಆ ಮಿಲಿಟರಿ ಉಡುಪು ಮುಂಬಯಿಯ ಚೋರ್ ಬಜಾರಿನಲ್ಲಿ ಕೊಂಡದ್ದು. ಹೊಡೆದಾಟದ ದೃಶ್ಯಗಳಿಗೆ ವಿದೇಶದಿಂದ ಸ್ಟಂಟ್ ತಜ್ಞರನ್ನು ಕರೆಸಿದ್ದರು. ಗಬ್ಬರ್ ಮೊದಲ ಸಲ ಬರುವ ದೃಶ್ಯ ನೆನಪಿಸಿಕೊಳ್ಳಿ. ಮುಖ ತೋರಿಸೋದೇ ಇಲ್ಲ. ಬಂಡೆಯ ಮೇಲೆ ಬೂಟು ನಡೆಯುತ್ತೆ, ಬೆಲ್ಟು ಕಲ್ಲಿಗೆ ಉಜ್ಜುತ್ತಾ ಹಿಂದೆ ಬರುತ್ತೆ. ಟಕ್... ಟಕ್... ಆ ಸದ್ದು ಗಟ್ಟಿ ಅಟ್ಟೆಯ ಬೂಟಿನದು. ರಬ್ಬರ್ ಅಟ್ಟೆಯ ಶೂ ಹಾಕಿಸಿದ್ದರೆ ಗಬ್ಬರ್ ಬೆಕ್ಕಿನ ಹಾಗೆ ಬರಬೇಕಾಗಿತ್ತು!

ಬೂಟಿನ ಮಾತಿಗೇ ಬಂದೆವು. ಕುದುರೆ ಸವಾರನ ಬೂಟಿಗೆ ಹೀಲು ಯಾಕೆ? ಎತ್ತರ ಕಾಣಲಿ ಅಂತ ಅಲ್ಲ. ಜೀನಿನ ಎರಡೂ ಕಡೆ ಕಾಲಿಡಲು ಬಳೆ ಇರುತ್ತಲ್ಲ, ರಿಕಾಪು ಅಂತಾರೆ, ಅದರೊಳಗೆ ಪಾದದ ಮುಂಭಾಗ ಮಾತ್ರ ಇರಬೇಕು. ಕುದುರೆ ಬೆದರಿ ಪಕ್ಕಕ್ಕೆ ಹಾರಿತು ಅಂದುಕೊಳ್ಳಿ. ಸವಾರ ಉರುಳಿದ. ಹೀಲು ಇದ್ದರೆ ಪಾದ ಮುಂದೆ ಜಾರದೆ ಅಲ್ಲೇ ನಿಲ್ಲುತ್ತೆ, ಕಾಲು ಹಿಂದಕ್ಕೆ ಕಳಚಿಕೊಳ್ಳುತ್ತೆ. ಹೀಲು ಇಲ್ಲದ ಶೂ ಆದರೆ ಪಾದ ಸರ್ರನೆ ಬಳೆಯೊಳಗೆ ತೂರಿ ಹಿಮ್ಮಡಿ ಆಚೆ ಹೋಗಿ ಸಿಕ್ಕಿಕೊಳ್ಳುತ್ತೆ. ಆಮೇಲೆ ಏನು? ಕುದುರೆ ಗಾಬರಿಗೆ ಓಡುತ್ತೆ. ಸವಾರನ ತಲೆ ಕಲ್ಲು ಎಣಿಸುತ್ತಾ ಹಿಂದೆ ಹೋಗುತ್ತೆ. ಬಿದ್ದು ಕೈ ಮುರಿದುಕೊಂಡವನು ಪುಣ್ಯವಂತ. ಸಿಕ್ಕಿಕೊಂಡು ಎಳೆಸಿಕೊಂಡವನ ಕಥೆ ಬೇರೆ.

ಅದಕ್ಕೇ ಕೌಬಾಯ್ ಬೂಟಿನ ಒಂದೊಂದು ಅಂಗಕ್ಕೂ ಒಂದೊಂದು ಕಾರಣ. ಒಂದೂವರೆ ಇಂಚಿನಷ್ಟು ಹೀಲು ಹೇಳಿದ್ದಾಯಿತು. ಅಟ್ಟೆ ನುಣುಪಾದ ತೊಗಲು, ಬಳೆಯಿಂದ ತಟ್ಟನೆ ಜಾರಿ ಬರಲಿ ಅಂತ. ಮೂತಿ ಚೂಪು, ನೋಡದೇ ಬಳೆಯೊಳಗೆ ಕಾಲು ಹಾಕಲು ಅನುಕೂಲ. ಲೇಸು ಇಲ್ಲವೇ ಇಲ್ಲ, ಕಟ್ಟಲು ಏನೂ ಇಲ್ಲದಿದ್ದರೆ ಸಿಕ್ಕಲೂ ಏನೂ ಇಲ್ಲ. ಬಾಯಿ ಸಡಿಲ, ಪ್ರಾಣ ಹೋಗುವ ಗಳಿಗೆಯಲ್ಲಿ ಬೂಟು ಬಳೆಯಲ್ಲೇ ಉಳಿದು ಕಾಲಾದರೂ ಹೊರಬರಲಿ ಅಂತ! ಮೀನಖಂಡದವರೆಗೂ ಉದ್ದ, ಮುಳ್ಳು ಮತ್ತು ಉಜ್ಜಾಟ ತಪ್ಪಿಸಲು. ಈಗ ಸ್ಪೋರ್ಟ್ಸ್ ಶೂ ತೆಗೆದು ನೋಡಿ. ಅಟ್ಟೆ ಚಪ್ಪಟೆ, ಅಡಿಗೆ ರಬ್ಬರಿನ ಹಲ್ಲು, ಮೇಲೆ ಮಾರುದ್ದ ಲೇಸು. ರಸ್ತೆಯಲ್ಲಿ ಓಡೋದಕ್ಕೆ ಬೇಕಾದ ಗುಣವೆಲ್ಲ ರಿಕಾಪಿನಲ್ಲಿ ಶತ್ರು.

ಇನ್ನೊಂದು ತಮಾಷೆ ಕೇಳಿ. ಪೂರ್ತಿ ಪಾದ ಹಿಡಿಯುವ ರಿಕಾಪು ಬರುವ ಮೊದಲೇ, ಕ್ರಿಸ್ತನಿಗೂ ಹಿಂದೆ, ನಮ್ಮ ದೇಶದಲ್ಲಿ ಬರಿಗಾಲ ಸವಾರರು ಹೆಬ್ಬೆರಳಿಗೆ ಮಾತ್ರ ಒಂದು ಸಣ್ಣ ಕುಣಿಕೆ ಹಾಕಿಕೊಳ್ಳುತ್ತಿದ್ದರು. ಬರಿಗಾಲಿಗೆ ಅದೇ ಸರಿ. ಪೂರ್ತಿ ಬಳೆ ಬಂದ ಮೇಲೆ ಪೂರ್ತಿ ಬೂಟು ಬೇಕಾಯಿತು. ಬಳೆಯೊಂದನ್ನು ಇಟ್ಟುಕೊಂಡು ಚಪ್ಪಲಿಯಲ್ಲಿ ಹತ್ತುತ್ತೇವೆ ಅಂದರೆ ಎರಡು ಕಾಲದ ನಡುವೆ ಕಾಲು ಸಿಕ್ಕಿಕೊಳ್ಳುತ್ತೆ ಅಷ್ಟೆ.

ಹಾಗಾದರೆ ಸಿನಿಮಾದವರು ಹೇಗೆ ಬೀಳುತ್ತಾರೆ ಸಾರ್, ಅಂತ ಕೇಳುವವರು ಇದ್ದೀರಿ. ಒಳ್ಳೆಯ ಪ್ರಶ್ನೆ. ಹಾಲಿವುಡ್ಡಿನಲ್ಲಿ ಯಕಿಮಾ ಕನಟ್ ಅಂತ ಒಬ್ಬ ಸ್ಟಂಟ್ ಗುರು ಇದ್ದ. ರೋಡಿಯೋ ಪಂದ್ಯಗಳಿಂದ ಬಂದವನು. 1939ರ 'ಸ್ಟೇಜ್‌ಕೋಚ್' ಚಿತ್ರದಲ್ಲಿ ಓಡುವ ಕುದುರೆಗಳ ನಡುವೆ ಬಿದ್ದು, ಗಾಡಿಯನ್ನು ಮೈಮೇಲೆ ಹಾಯಿಸಿಕೊಂಡವನು ಇವನೇ. ಇವನು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಒಂದು ಮಗ್ಗುಲು ತೆರೆದ ರಿಕಾಪು ಮಾಡಿಸಿದ್ದು. ಇಂಗ್ಲಿಷಿನ 'ಎಲ್' ಅಕ್ಷರದ ಹಾಗೆ. ಬೀಳುವಾಗ ಕಾಲು ಸಿಕ್ಕುವ ಮಾತೇ ಇಲ್ಲ. ತೆರೆಯ ಮೇಲೆ ನಮಗೆ ಅದು ಕಾಣಿಸೋದಿಲ್ಲ, ಕಾಣಿಸಬಾರದು ಕೂಡ. ಅಂಥ ಉಪಾಯಗಳಿಗಾಗಿಯೇ 1967ರಲ್ಲಿ ಆತನಿಗೆ ಗೌರವ ಆಸ್ಕರ್ ಕೊಟ್ಟರು. ನೋಡಿ, ಲೋಕದ ಅತಿ ಧೈರ್ಯವಂತ ಸವಾರ ಎಲ್ಲಕ್ಕಿಂತ ಮೊದಲು ಚಿಂತೆ ಮಾಡಿದ್ದು ಕಾಲು ಸಿಕ್ಕುವುದರ ಬಗ್ಗೆ. ನಾವು ಆತನ ಬೀಳುವಿಕೆಯನ್ನು ನೋಡಿ ಶಿಳ್ಳೆ ಹೊಡೆದೆವು, ಆತನ ರಿಕಾಪನ್ನು ನೋಡಲಿಲ್ಲ.

ನಮ್ಮ ಚಿತ್ರರಂಗಕ್ಕೂ ಈ ಪಾಠ ದುಬಾರಿಯಾಗಿಯೇ ಬಂದಿದೆ. ಕುದುರೆಯ ವಿಷಯದಲ್ಲಿ ಅಲ್ಲ, ನೀರಿನ ವಿಷಯದಲ್ಲಿ. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ 'ಮಾಸ್ತಿಗುಡಿ' ಚಿತ್ರೀಕರಣ. ಹೆಲಿಕಾಪ್ಟರಿನಿಂದ ನೀರಿಗೆ ಧುಮುಕಿದ ನಟರಾದ ಅನಿಲ್ ಮತ್ತು ಉದಯ್ ಮೇಲೆ ಬರಲಿಲ್ಲ. ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಕಟ್ಟುಮಸ್ತಾದ ಆಳುಗಳು, ತೆರೆಯ ಮೇಲೆ ಎಷ್ಟೋ ಜನರನ್ನು ಮಣ್ಣುಮುಕ್ಕಿಸಿದವರು. ತೊಡಬೇಕಾದ್ದನ್ನು ತೊಡದಿದ್ದರೆ ಮೈಕಟ್ಟು ಯಾವ ಲೆಕ್ಕ?

ಹೋಗಲಿ, ಈಗ ಜೀನ್ಸಿನ ಮಾತು. ಇಲ್ಲಿ ಪೀಣ್ಯದವರು, ಬೊಮ್ಮಸಂದ್ರದವರು ನನಗೆ ಹೇಳಿಕೊಡಬೇಕು. ಯಾಕೆಂದರೆ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೊಲಿದ ಪ್ಯಾಂಟು ಲೋಕವೆಲ್ಲ ಸುತ್ತುತ್ತಿದೆ. ಹೊಲಿಯುವವರು ಹೆಚ್ಚಾಗಿ ನಮ್ಮ ಅಕ್ಕ ತಂಗಿಯರು. ಬೆಳಗ್ಗೆ ಎಂಟನೇ ಮೈಲಿ, ಜಾಲಹಳ್ಳಿ ಕ್ರಾಸ್ ಬಸ್‌ಸ್ಟಾಪುಗಳಲ್ಲಿ ಟಿಫಿನ್ ಡಬ್ಬಿ ಹಿಡಿದು ನಿಂತವರಲ್ಲಿ ಯಾರನ್ನಾದರೂ ಕೇಳಿ, ಜೀನ್ಸಿನ ಕಾಲಿಗೆ ಡಬಲ್ ಹೊಲಿಗೆ ಯಾವ ಮೆಷಿನ್ನಿನಲ್ಲಿ ಹಾಕ್ತಾರೆ ಅಂತ. ಫೀಡ್ ಆಫ್ ದ ಆರ್ಮ್ ಅಂತಾರೆ. ಬಟ್ಟೆಯ ಎರಡೂ ಅಂಚನ್ನು ಒಂದರೊಳಗೊಂದು ಮಡಚಿ ಎರಡು ಸೂಜಿಯಲ್ಲಿ ಹೊಡೆಯೋದು. ಗಟ್ಟಿ ಅಂದರೆ ಗಟ್ಟಿ. ಆದರೆ ನಾಲ್ಕು ಪದರದ ಆ ದಪ್ಪ ಹೊಲಿಗೆ ಒಳತೊಡೆಯಲ್ಲಿ ಇದ್ದು, ನೀವು ಎರಡು ಗಂಟೆ ಜೀನಿನ ಮೇಲೆ ಕೂತರೆ? ಮಾರನೇ ದಿನ ಶಿಫ್ಟಿಗೆ ಕಾಲು ಅಗಲಿಸಿಕೊಂಡು ಹೋಗಬೇಕಾಗುತ್ತೆ. ಸೂಪರ್‌ವೈಸರ್ ಕಾರಣ ಕೇಳಿದರೆ ಹೇಳೋದಕ್ಕೂ ನಾಚಿಕೆ!

ಇದನ್ನು ಅರಿತೇ 1947ರಲ್ಲಿ ರ‍್ಯಾಂಗ್ಲರ್ ಕಂಪನಿಯವರು ಸವಾರರಿಗೇ ಅಂತ ಒಂದು ಜೀನ್ಸು ತಂದರು. ಅದನ್ನು ಕತ್ತರಿಸಿ ಕೊಟ್ಟವನು ರೋಡಿಯೋ ಬೆನ್ ಅಂತ ಹೆಸರಾದ ಒಬ್ಬ ದರ್ಜಿ. ದಪ್ಪ ಹೊಲಿಗೆಯನ್ನು ಹೊರಮಗ್ಗುಲಿಗೆ ತಂದರು. ತಾಮ್ರದ ರಿವೆಟ್ಟುಗಳನ್ನು ಚಪ್ಪಟೆ ಮಾಡಿದರು, ಜೀನಿನ ತೊಗಲು ಗೀಚದಿರಲಿ ಅಂತ. ಹಿಂದಿನ ಜೇಬನ್ನು ಮೇಲಕ್ಕೆ ಏರಿಸಿದರು, ಪರ್ಸಿನ ಮೇಲೆ ಕೂರುವುದು ತಪ್ಪಲಿ ಅಂತ. ಲೀವೈಸಿನವರಂತೂ ಅದಕ್ಕೂ ಹತ್ತು ವರ್ಷ ಮೊದಲೇ, 1937ರಲ್ಲಿ, ಹಿಂಜೇಬಿನ ರಿವೆಟ್ಟುಗಳನ್ನು ಬಟ್ಟೆಯೊಳಗೆ ಮುಚ್ಚಿದ್ದರು. ಜೀನು ಮಾತ್ರವಲ್ಲ, ಮನೆಯ ಕುರ್ಚಿಯೂ ಗೀಚಿಹೋಗುತ್ತೆ ಅಂತ ದೂರು ಬಂದಿತ್ತಂತೆ.

ಈ ರೋಡಿಯೋ ಬೆನ್ನನ ಅಂಗಡಿ ಇದ್ದದ್ದು ಎಲ್ಲಿ ಅಂತೀರಿ? ದನ ಕಾಯುವ ಟೆಕ್ಸಾಸಿನಲ್ಲಿ ಅಲ್ಲ, ಪೂರ್ವ ತೀರದ ಫಿಲಡೆಲ್ಫಿಯಾ ಅನ್ನೋ ಕಾರ್ಖಾನೆಗಳ ಪಟ್ಟಣದಲ್ಲಿ. ಕೌಬಾಯ್ ಟೋಪಿಯ ಮೂಲಪುರುಷ ಜಾನ್ ಸ್ಟೆಟ್ಸನ್ 1865ರಲ್ಲಿ ಟೋಪಿ ವ್ಯಾಪಾರ ಶುರು ಮಾಡಿದ್ದೂ ಅದೇ ಊರಿನಲ್ಲಿ. ಕುದುರೆ ಓಡಿದ್ದು ಬಯಲಿನಲ್ಲಿ, ಉಡುಪು ಹುಟ್ಟಿದ್ದು ಹೊಗೆಯ ಪಟ್ಟಣದ ಮೆಷಿನ್ನುಗಳ ಮೇಲೆ. ಪೀಣ್ಯದವರೇ, ಕೌಬಾಯ್ ಉಡುಪಿನಲ್ಲಿ ನಿಮ್ಮ ಪಾಲು ಏನು ಅಂತ ಯಾರಾದರೂ ಕೇಳಿದರೆ ಧಾರಾಳವಾಗಿ ಎದೆ ತಟ್ಟಿಕೊಳ್ಳಿ. ತೆರೆಯ ಮೇಲಿನವನಿಗಿಂತ ನಿಮ್ಮ ಸಂಬಂಧವೇ ಹತ್ತಿರದ್ದು.

ಇನ್ನೂ ಹತ್ತಿರದ ನಂಟು ಇದೆ. ಕೌಬಾಯ್ ಕುತ್ತಿಗೆಗೆ ಕಟ್ಟುವ ಬ್ಯಾಂಡಾನಾ ಕರವಸ್ತ್ರದ ಹೆಸರು ಬಂದದ್ದು ನಮ್ಮ ಉತ್ತರದವರ 'ಬಾಂಧ್ನಾ'ದಿಂದ, ಗಂಟು ಕಟ್ಟಿ ಬಣ್ಣ ಹಾಕುವ ಬಟ್ಟೆ. ಡಂಗರಿ ಅನ್ನೋ ಒರಟು ಬಟ್ಟೆಗೆ ಹೆಸರು ಕೊಟ್ಟಿದ್ದು ಮುಂಬಯಿಯ ಡೋಂಗ್ರಿ. ಜೀನ್ಸಿನ ನೀಲಿಗೆ ಇಂಡಿಗೋ ಅಂತಾರಲ್ಲ, ಅದರಲ್ಲೇ ಇಂಡಿಯಾ ಕೂತಿದೆ. ಇಂಗ್ಲಿಷ್ ಸವಾರರ ಜೋಧ್‌ಪುರ್ ಪ್ಯಾಂಟು ಗೊತ್ತಲ್ಲ, ತೊಡೆಗೆ ಸಡಿಲ, ಮೀನಖಂಡಕ್ಕೆ ಬಿಗಿ. ಜೋಧ್‌ಪುರದ ಸರ್ ಪ್ರತಾಪ್ ಸಿಂಗ್ 1897ರಲ್ಲಿ ವಿಕ್ಟೋರಿಯಾ ರಾಣಿಯ ಉತ್ಸವಕ್ಕೆ ಹೋದಾಗ ಲಂಡನ್ನಿನವರು ಅದನ್ನು ಬಾಯಿಬಿಟ್ಟು ನೋಡಿ ನಕಲು ಹೊಡೆದರು. ನಮ್ಮವರೂ ಕಡಿಮೆಯೇನಲ್ಲ. ಮೊದಲನೇ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಹೈಫಾ ಪಟ್ಟಣ ಗೆದ್ದವರು ಇದೇ ಜೋಧ್‌ಪುರದ ಸವಾರರು ಮತ್ತು ನಮ್ಮ ಮೈಸೂರು ಲ್ಯಾನ್ಸರ್ಸ್. ಕುದುರೆ ಮೇಲೆ ಕೂತು, ಮೆಷಿನ್‌ಗನ್ನಿನ ಎದುರಿಗೆ! ಅವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಅದರ ಮೇಲೆ ಒಂದು ವರ್ಣಚಿತ್ರ ಮಾಡಲು ನಮ್ಮ ನಿರ್ಮಾಪಕರಿಗೆ ಇನ್ನೂ ಪುರುಸೊತ್ತು ಸಿಕ್ಕಿಲ್ಲ ಅಂತ ಕಾಣುತ್ತೆ.

ಜೀನು ಅನ್ನುವಾಗ ಇನ್ನೊಂದು ಮಾತು. ಜೀನ್ಸು ಅಂತ ಎಲ್ಲರೂ ಅಂತೀರಿ, ಜೀನು ಯಾರಿಗೂ ಗೊತ್ತಿಲ್ಲ! ಪಾಶ್ಚಾತ್ಯ ಜೀನು ಒಂದು ಸಣ್ಣ ಸೋಫಾ ಇದ್ದ ಹಾಗೆ. ಹದಿನೈದು ಕಿಲೋ ಸುಮಾರು ತೂಗುತ್ತೆ, ಕೆಲವು ಇನ್ನೂ ಹೆಚ್ಚು. ಮುಂದೆ ಒಂದು ಕೊಂಬು. ಅದು ನಾಯಕ ಟೋಪಿ ನೇತುಹಾಕಲು ಇಟ್ಟದ್ದಲ್ಲ. ದನಕ್ಕೆ ಕುಣಿಕೆ ಎಸೆದು, ಹಗ್ಗದ ಇನ್ನೊಂದು ತುದಿಯನ್ನು ಆ ಕೊಂಬಿಗೆ ಸುತ್ತುತ್ತಾರೆ. ಕೌಬಾಯ್ ಒಂದೇ ಕೈಯಲ್ಲಿ ಲಗಾಮು ಹಿಡಿಯುವುದೂ ಅದಕ್ಕೇ, ಇನ್ನೊಂದು ಕೈಗೆ ಹಗ್ಗ ಬೇಕು. ಸಿನಿಮಾದವರು ಆ ಕೈಗೆ ಪಿಸ್ತೂಲು ಕೊಟ್ಟರು. ಇಂಗ್ಲಿಷ್ ಪದ್ಧತಿಯ ಜೀನು ಹಗುರ, ಚಿಕ್ಕದು, ಕೊಂಬಿಲ್ಲ, ಎರಡೂ ಕೈಯಲ್ಲಿ ಲಗಾಮು. ಬೆಂಗಳೂರಿನ ಸುತ್ತಮುತ್ತ ಸವಾರಿ ಕಲಿಸುವ ಕಡೆ ಹೆಚ್ಚಾಗಿ ಕಲಿಸುವುದು ಈ ಇಂಗ್ಲಿಷ್ ಪದ್ಧತಿಯನ್ನೇ. ಕುದುರೆಗಳಲ್ಲೂ ರೇಸಿನಿಂದ ನಿವೃತ್ತಿಯಾದವು ಬಹಳ. ಅವುಗಳ ಬೆನ್ನು ಕಿರಿದು, ಹೆಗಲು ಎತ್ತರ. ಅಗಲ ಬೆನ್ನಿನ ಅಮೆರಿಕದ ಕುದುರೆಗೆ ಅಂತ ಮಾಡಿದ ಜೀನನ್ನು ತಂದು ಅವುಗಳ ಮೇಲೆ ಹೇರಿದರೆ ಹೆಗಲು ಹುಣ್ಣಾಗುತ್ತೆ. ನಿಮ್ಮ ಸ್ಟೈಲಿಗೆ ಆ ಮೂಕಪ್ರಾಣಿ ಯಾಕೆ ನೋಯಬೇಕು? ಅಂದ ಹಾಗೆ, ಸಿನಿಮಾದಲ್ಲಿ ಪ್ರಾಣಿ ಬಳಸಬೇಕಾದರೆ ಪ್ರಾಣಿ ಕಲ್ಯಾಣ ಮಂಡಳಿಯ ಒಪ್ಪಿಗೆ ಬೇಕು ಅಂತ 2001ರಿಂದ ನಿಯಮವೇ ಇದೆ.

ಇಂಗ್ಲಿಷ್ ಪದ್ಧತಿ ಅಂತ ಮೂಗು ಮುರಿಯಬೇಡಿ. ನಮ್ಮ ಬೆಂಗಳೂರಿನ ಹುಡುಗ ಫವಾದ್ ಮಿರ್ಜಾ ಅದರಲ್ಲೇ 2018ರ ಜಕಾರ್ತಾ ಏಷ್ಯನ್ ಕ್ರೀಡೆಗಳಲ್ಲಿ ಎರಡು ಬೆಳ್ಳಿ ತಂದರು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಇಪ್ಪತ್ತಮೂರನೆಯವರಾದರು. ಒಲಿಂಪಿಕ್ಸಿನ ಕುದುರೆ ಸವಾರಿಯಲ್ಲಿ ಭಾರತದವನೊಬ್ಬ ಕಾಣಿಸಿಕೊಂಡಿದ್ದು ಸಿಡ್ನಿಯ ನಂತರ, ಇಪ್ಪತ್ತು ವರ್ಷದ ಮೇಲೆ. ಅವರ ಫೋಟೋ ಸಿಕ್ಕರೆ ಒಮ್ಮೆ ದಿಟ್ಟಿಸಿ ನೋಡಿ. ಕಾಲಿಗೆ ಉದ್ದ ಬೂಟು, ತಲೆಗೆ ಗಲ್ಲದ ಪಟ್ಟಿ ಬಿಗಿದ ಹೆಲ್ಮೆಟ್ಟು, ಬೇಲಿ ಹಾರುವ ದಿನ ಎದೆಗೆ ಕವಚ. ಒಲಿಂಪಿಕ್ಸಿಗೆ ಹೋದವನಿಗೇ ಇಷ್ಟು ಬೇಕಾದರೆ, ಭಾನುವಾರದ ಸವಾರನಿಗೆ ಎಷ್ಟು ಬೇಕು ನೀವೇ ಹೇಳಿ.

ಹೆಲ್ಮೆಟ್ಟಿನ ಬಗ್ಗೆ ನಿಜವನ್ನೇ ಹೇಳಬೇಕು. 'ಸೂಪರ್‌ಮ್ಯಾನ್' ಕ್ರಿಸ್ಟಫರ್ ರೀವ್ ನೆನಪಿದ್ದಾರಲ್ಲ? 1995ರ ಮೇ 27ರಂದು ವರ್ಜೀನಿಯಾದ ಒಂದು ಸ್ಪರ್ಧೆಯಲ್ಲಿ ಅವರ ಕುದುರೆ ಬೇಲಿಯ ಮುಂದೆ ಗಕ್ಕನೆ ನಿಂತಿತು. ಸವಾರ ಮುಂದಕ್ಕೆ ಬಿದ್ದರು. ಹೆಲ್ಮೆಟ್ ಇತ್ತು, ಕವಚವೂ ಇತ್ತು. ಮಿದುಳು ಉಳಿಯಿತು, ಕುತ್ತಿಗೆ ಮುರಿಯಿತು. ಆಕಾಶದಲ್ಲಿ ಹಾರಿದವರು 2004ರಲ್ಲಿ ತೀರಿಕೊಳ್ಳುವವರೆಗೂ ಗಾಲಿಕುರ್ಚಿಯಲ್ಲಿದ್ದರು. ಆದ್ದರಿಂದ ಹೆಲ್ಮೆಟ್ ಹಾಕಿದರೆ ಏನೂ ಆಗೋದಿಲ್ಲ ಅಂತ ನಾನು ಹೇಳೋದಿಲ್ಲ. ಹಾಕದೇ ಇದ್ದರೆ ಏನಾಗುತ್ತೆ ಅನ್ನೋದನ್ನ ಮಾತ್ರ ನೀವು ಯೋಚಿಸಿ. ಒಳ್ಳೆ ಕಡೆ ಕಲಿಯಲು ಹೋದರೆ ಸವಾರಿಯ ಹೆಲ್ಮೆಟ್ ಅವರೇ ಕೊಡುತ್ತಾರೆ. ಎಲೆಕ್ಟ್ರಾನಿಕ್ ಸಿಟಿಗೆ ಬೈಕಿನಲ್ಲಿ ಹೋಗುವವರು ಅದೇ ಹೆಲ್ಮೆಟ್ ಹಾಕಿಕೊಂಡು ಬರ್ತೀವಿ ಅನ್ನಬೇಡಿ. ಅದು ಭಾರ, ಕಿವಿ ಮುಚ್ಚುತ್ತೆ, ಬೀಳುವ ರೀತಿಯೇ ಬೇರೆ. ಸವಾರಿಯದು ಹಗುರ, ತಲೆಯ ಹಿಂಭಾಗಕ್ಕೂ ಕಾವಲು.

ಇನ್ನು ಖರ್ಚಿನ ಲೆಕ್ಕ. ಮೂರು ಸಾವಿರಕ್ಕೆ ಅಮೆರಿಕದ ಬೂಟು ಬರೋದಿಲ್ಲ, ಬೇಕಾಗಿಯೂ ಇಲ್ಲ. ಕಣಕಾಲು ಮುಚ್ಚುವ, ಒಂದಿಂಚಾದರೂ ಹೀಲು ಇರುವ, ನುಣುಪು ಅಟ್ಟೆಯ ತೊಗಲಿನ ಬೂಟು ಸಾಕು. ಎಲಾಸ್ಟಿಕ್ ಪಕ್ಕದ್ದಾದರೆ ಲೇಸಿನ ತಂಟೆ ಇಲ್ಲ. ಗೊತ್ತಿರುವ ಚಮ್ಮಾರರ ಹತ್ತಿರ ಹೀಲು ಏರಿಸಿಕೊಳ್ಳಬಹುದು. ಮುಂಗಾಲಿಗೆ ಉಕ್ಕಿನ ಟೋಪಿ ಇರುವ ಕಾರ್ಖಾನೆಯ ಸೇಫ್ಟಿ ಶೂ ಬೇಡ. ಅದು ದಪ್ಪ, ಹಲ್ಲಿನ ಅಟ್ಟೆ, ರಿಕಾಪಿನಲ್ಲಿ ಗೂಟ ಹೊಡೆದ ಹಾಗೆ ಕೂತುಬಿಡುತ್ತೆ. ಹತ್ತುವ ಮೊದಲು ಬಳೆಯನ್ನೂ ನೋಡಿ. ಬೂಟು ಇಟ್ಟ ಮೇಲೆ ಅಕ್ಕಪಕ್ಕ ಸೇರಿ ಒಂದಿಂಚು ಜಾಗ ಉಳಿಯಬೇಕು. ಬಿಗಿಯಾದರೆ ಕಾಲು ಕಚ್ಚಿಕೊಳ್ಳುತ್ತೆ, ತೀರಾ ಅಗಲವಾದರೆ ಪಾದ ಆಚೆ ತೂರುತ್ತೆ. ಪ್ಯಾಂಟಿಗೆ ಮೆತ್ತನೆಯ, ಸ್ವಲ್ಪ ಹಿಗ್ಗುವ ಜೀನ್ಸು ಸಾಕು. ಮಂಡಿಯಲ್ಲಿ ಹರಿದ ಫ್ಯಾಷನ್ನಿನದು ಬೇಡವೇ ಬೇಡ. ತೋಳು ತುಂಬಾ ಅಂಗಿ. ದೊಡ್ಡ ಬಕಲ್ಲಿನ ಬೆಲ್ಟು ಹಾಕಿ ಮುಂದಕ್ಕೆ ಬಗ್ಗಿದರೆ ಹೊಟ್ಟೆಗೆ ಚುಚ್ಚುತ್ತೆ, ಬೇಕಿದ್ದರೆ ಹಾಕಿ, ಆಮೇಲೆ ನನ್ನನ್ನು ಬೈಯಬೇಡಿ.

ಹತ್ತುವ ಮೊದಲು ಕುದುರೆಯ ಹೊಟ್ಟೆಪಟ್ಟಿ ಎರಡು ಸಲ ನೋಡಿಸಿ. ಕೆಲವು ಜಾಣ ಕುದುರೆಗಳು ಪಟ್ಟಿ ಬಿಗಿಯುವಾಗ ಹೊಟ್ಟೆ ಉಬ್ಬಿಸಿಕೊಂಡು ನಿಲ್ಲುತ್ತವೆ. ನೀವು ಹತ್ತಿದ ಮೇಲೆ ಉಸಿರು ಬಿಡುತ್ತವೆ. ಜೀನು ಜಾರಿ ನೀವು ಹೊಟ್ಟೆಯ ಕೆಳಗೆ! ನಮ್ಮ ಹಾಸ್ಯನಟರು ಎಷ್ಟು ಸಲ ಹಾಗೆ ಬಿದ್ದು ನಗಿಸಿಲ್ಲ? ಅದು ಬರೀ ತಮಾಷೆಯಲ್ಲ, ನಡೆಯುವ ಸಂಗತಿಯೇ.

ರಾಮನಗರದ ಬಗ್ಗೆ ಒಂದು ಮಾತು. ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ. 'ಶೋಲೆ'ಯ ಕಾಲ ಅಲ್ಲ ಇದು, ಅರಣ್ಯ ಇಲಾಖೆಯವರನ್ನು ಕೇಳದೆ ಐದು ಕುದುರೆ ಹೊಡೆದುಕೊಂಡು ಹೋಗೋ ಹಾಗಿಲ್ಲ. ಬಂಡೆಯ ಮೇಲೆ ಲಾಳ ಜಾರುತ್ತೆ ಕೂಡ. ಹೊಸಬರು ಓಡಿಸುವ ನೆಲ ಅದಲ್ಲ. ರೀಲ್ಸೇ ಬೇಕಾದರೆ ಮಣ್ಣಿನ ಅಂಗಳದಲ್ಲಿ, ಕುದುರೆಯವನು ಲಗಾಮು ಹಿಡಿದು ನಿಂತಿರಲಿ, ಕುದುರೆಯೂ ನಿಂತಿರಲಿ. ಆಗ ಬೇಕಾದರೆ ಹೆಲ್ಮೆಟ್ ತೆಗೆದು ಟೋಪಿ ಇಡಿ, ಕಣ್ಣು ಕಿರಿದು ಮಾಡಿ, ಬೆಂಕಿಕಡ್ಡಿ ಕಚ್ಚಿ. ಓಡುವ ಕುದುರೆಯ ದೃಶ್ಯಕ್ಕೆ ಎಂಟು ಹತ್ತು ವಾರ ಕಲಿತ ಮೇಲೆ ಹೋಗಿ. ಗುರುತು ಹಿಡಿಯುವುದಕ್ಕೆ ಒಂದು ಉಪಾಯ ಹೇಳುತ್ತೇನೆ. ಕಲಿಸುವ ಜಾಗಕ್ಕೆ ಹೋದಾಗ ಅವರು ನಿಮ್ಮ ಮುಖ ನೋಡುವ ಮೊದಲು ನಿಮ್ಮ ಶೂ ನೋಡಿದರೆ ಸರಿಯಾದ ಜಾಗಕ್ಕೆ ಬಂದಿದ್ದೀರಿ. ದುಡ್ಡು ಎಣಿಸಿಕೊಂಡು ಚಪ್ಪಲಿಯಲ್ಲೇ ಹತ್ತ್ರಿ ಸಾರ್ ಅಂದರೆ, ಅಲ್ಲಿಂದ ಹಾಗೇ ವಾಪಸು ಬನ್ನಿ.

ವೈಟ್‌ಫೀಲ್ಡಿನಿಂದ ಇನ್ನೊಬ್ಬರು ಕೇಳಿದ್ದಾರೆ, ಟೋಪಿ ಗಾಳಿಗೆ ಹಾರದ ಹಾಗೆ ಏನು ಮಾಡುವುದು ಅಂತ. ನಿಜವಾದ ಕೌಬಾಯ್‌ಗಳು ಗಲ್ಲದ ಕೆಳಗೆ ದಾರ ಕಟ್ಟುತ್ತಿದ್ದರು. ಸಿನಿಮಾದಲ್ಲಿ ಹೊಡೆದಾಡಿದರೂ ಟೋಪಿ ಬೀಳದಿರುವುದು ತಲೆಗೆ ಬಿಗಿಯಾಗಿ ಕೂರಿಸಿದ್ದರಿಂದ. ಬಿಸಿಲಿಗೆ ನೆರಳು, ಮಳೆಗೆ ಚಾವಣಿ, ಅಷ್ಟೇ ಅದರ ಕೆಲಸ. ಬಿದ್ದಾಗ ತಲೆ ಕಾಯುವ ಕೆಲಸ ಅದು ಯಾವತ್ತೂ ಒಪ್ಪಿಕೊಂಡದ್ದಲ್ಲ.

ಈ ಸಲ ದಸರೆಗೆ ಮೈಸೂರಿಗೆ ಹೋಗುವವರು ಜಂಬೂಸವಾರಿಯಲ್ಲಿ ಆನೆಯನ್ನಷ್ಟೇ ನೋಡಿಕೊಂಡು ಬರಬೇಡಿ. ಅಶ್ವಾರೋಹಿ ಪೊಲೀಸರು ಸಾಲಾಗಿ ಬರುತ್ತಾರೆ. ಅವರ ಬೂಟಿನ ಹೀಲು, ರಿಕಾಪಿನಲ್ಲಿ ಪಾದ ಎಷ್ಟು ಒಳಗಿದೆ, ಹಿಮ್ಮಡಿ ಹೇಗೆ ಕೆಳಗೆ ಬಾಗಿದೆ, ಇಷ್ಟು ನೋಡಿಕೊಂಡು ಬಂದು ಬರೆಯಿರಿ.

ಮುಂದಿನ ವಾರ: ತೆರೆಯ ಪೊಲೀಸರ ಖಾಕಿಗೆ ಇಸ್ತ್ರಿ ಯಾಕೆ ಕೆಡುವುದಿಲ್ಲ?